ಗಾಡಿ ಕೆಟ್ಟರೆ ಒಂದು ಫೋನು

ಯಾರಾದರೂ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದರೆ ನನಗೆ ಸುಮ್ಮನೆ ನಿಂತು ನೋಡಲು ಆಗುವುದಿಲ್ಲ. ಕೈಯಲ್ಲಿ ಹಾಲಿನ ಪ್ಯಾಕೆಟ್ ಇರಲಿ, ಸೊಪ್ಪಿನ ಚೀಲವಿರಲಿ, ಅದನ್ನು ಕೆಳಗಿಟ್ಟು ಗಾಡಿಯ ಹಿಂದೆ ಹೋಗಿ ನಿಂತು, ‘ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಬರ್ಲಿ, ಸಾಕು’ ಎಂದು ಎರಡು ಸಲ ತಟ್ಟಿದ ಮೇಲೆಯೇ ನನಗೆ ಸಮಾಧಾನ. ಕೆಲವರು ಗಾಜು ಇಳಿಸಿ ಥ್ಯಾಂಕ್ಸ್ ಎನ್ನುತ್ತಾರೆ, ಹೆಚ್ಚಿನವರು ಗಾಜು ಏರಿಸಿಕೊಂಡೇ ಹೋಗುತ್ತಾರೆ. ಈಗಿನ ಕಾರುಗಳಿಗೆ ಹಿಂದುಗಡೆಯೂ ಕ್ಯಾಮೆರಾ ಇದೆ, ಏನಾದರೂ ಅಡ್ಡ ಬಂದರೆ ತಾವೇ ಕುಂಯ್ ಕುಂಯ್ ಅನ್ನುತ್ತವೆ ಎಂಬುದು ನನಗೆ ಗೊತ್ತಾದದ್ದು ಹೋದ ತಿಂಗಳು. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ತುಂಬ ಮರ್ಯಾದೆಯಿಂದಲೇ, ‘ಅಂಕಲ್, ನೀವು ನಿಂತಿರೋದಕ್ಕೇ ಅದು ಹಂಗೆ ಕೂಗ್ತಿರೋದು’ ಎಂದಳು. ಹಾಲಿನ ಪ್ಯಾಕೆಟ್ ಎತ್ತಿಕೊಂಡು ಮನೆಗೆ ಬಂದೆ.

ಈ ಚಟ ನನಗೆ ಹತ್ತಿದ್ದು ಒಂದು ಪಿಕಪ್ ಗಾಡಿಯಿಂದ. ತುಮಕೂರಿನ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದೆ, ಕುಣಿಗಲ್ ಹತ್ತಿರದ ಕೊತ್ತಗೆರೆಯ ಶಿವಣ್ಣ ಡ್ರೈವರ್ ಆಗಿದ್ದ. ನಟ್ಟು ಬೋಲ್ಟು ಎಣಿಸಿ ಕೊಡುವುದು ನನ್ನ ಕೆಲಸ, ಅದನ್ನು ಸಾಗಿಸುವುದು ಅವನ ಕೆಲಸ. ವರ್ಕ್‌ಶಾಪು ಬಾಗಿಲು ಹಾಕಿದಾಗ ಅಲ್ಲಿದ್ದ ಹಳೇ ಪಿಕಪ್ಪನ್ನೇ ಇಬ್ಬರೂ ಸೇರಿ ಕೊಂಡು ಬಾಡಿಗೆಗೆ ಓಡಿಸತೊಡಗಿದೆವು. ಗಾಡಿ ನನ್ನ ಹೆಸರಿನಲ್ಲಿತ್ತು, ಸ್ಟೀರಿಂಗ್ ಅವನ ಕೈಯಲ್ಲಿತ್ತು. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಹಾಗಾಗಿ ಕಾಗದದ ಮೇಲೆ ಓನರ್ ಆಗಿದ್ದವನು ರಸ್ತೆಯ ಮೇಲೆ ಕ್ಲೀನರ್ ಆಗಿದ್ದೆ. ಚೇಳೂರಿನಿಂದ ತೆಂಗಿನಕಾಯಿ, ಹಲಸಿನಹಣ್ಣು ತರುತ್ತಿದ್ದೆವು. ತುಮಕೂರಿನಲ್ಲಿ ಮನೆ ಬದಲಿಸುವವರ ಮಂಚ, ಫ್ರಿಜ್ಜು, ಬೀರು ಸಾಗಿಸುತ್ತಿದ್ದೆವು. ಹನ್ನೊಂದು ವರ್ಷ ನಾನು ಎಡಗಡೆ ಸೀಟಿನಲ್ಲಿ ಕೂತು ಮಾತಾಡಿದ್ದೇ ಮಾತಾಡಿದ್ದು, ಅವನು ಕೇಳಿದ್ದೇ ಕೇಳಿದ್ದು. ನನ್ನ ಬಾಲ್ಯದ ಒಂದೊಂದು ಕಥೆಯನ್ನೂ ಅವನು ಹತ್ತು ಸಲವಾದರೂ ಕೇಳಿರಬೇಕು.

ಅವನೇ ಯಾಕೆ ಕೇಳಬೇಕಿತ್ತು ಎಂದರೆ ನನಗೆ ಮನೆಯಲ್ಲಿ ಕೇಳುವವರು ಇರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ನೀವು ಕೇಳುವುದಕ್ಕೆ ಮುಂಚೆ ಹೇಳಿಬಿಡುತ್ತೇನೆ. ಹೆಣ್ಣು ನೋಡಲು ಹೋದ ಮೂರು ಮನೆಗಳಲ್ಲೂ ಉಪ್ಪಿಟ್ಟು ತುಂಬ ಚೆನ್ನಾಗಿದೆ ಎಂದು ಹೇಳಿ ಬಂದೆ, ಹುಡುಗಿಯ ವಿಷಯ ಏನು ಹೇಳಬೇಕೋ ತೋಚಲಿಲ್ಲ. ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳುವುದು ನನ್ನ ಜಾತಕದಲ್ಲೇ ಇಲ್ಲ.

ಇಲ್ಲದಿದ್ದರೆ ಆವತ್ತು ಗುಬ್ಬಿಯಲ್ಲಿ ‘ಸಾಕು’ ಎನ್ನುವ ಒಂದು ಮಾತು ಹೇಳದೆ ಇರುತ್ತಿದ್ದೆನೇ? ಏಳು ವರ್ಷದ ಹಿಂದಿನ ಮಾತು. ಹೊಸದಾಗಿ ಮದುವೆಯಾದವರ ಮನೆಗೆ ಒಂದು ಬೀರು ಇಳಿಸಬೇಕಿತ್ತು. ಬಾಗಿಲ ತುಂಬ ಕನ್ನಡಿಯಿದ್ದ ಬೀರು. ಬೀದಿ ಇಕ್ಕಟ್ಟಾಗಿತ್ತು. ನಾನು ಹಿಂದೆ ನಿಂತು ಬರ್ಲಿ ಬರ್ಲಿ ಎನ್ನುತ್ತಿದ್ದೆ. ಎದುರಿಗೆ ಒಬ್ಬಾಕೆ ಬಾಣಲೆಯಿಂದ ಮೆಣಸಿನಕಾಯಿ ಬಜ್ಜಿ ಎತ್ತುತ್ತಿದ್ದಳು. ಬಜ್ಜಿಯನ್ನೇ ನೋಡುತ್ತ ಬರ್ಲಿ ಎನ್ನುತ್ತಲೇ ಹೋದೆ. ಗಾಡಿ ಕಾಂಪೌಂಡಿಗೆ ಬಡಿಯಿತು, ಬೀರುವಿನ ಕನ್ನಡಿ ಪುಡಿಯಾಯಿತು. ಮದುಮಗಳ ತಾಯಿ ಅಪಶಕುನವಾಯಿತೆಂದು ಅಳಲು ಶುರು ಮಾಡಿದರು. ಬೀದಿಯವರೆಲ್ಲ ಸೇರಿದರು.

ತಪ್ಪು ನನ್ನದೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಗಟ್ಟಿಯಾಗಿ ಕೂಗಿದೆ. ‘ಕಣ್ ಕಾಣ್ದಿರೋನ್ ಕೈಗೆ ಸ್ಟೀರಿಂಗ್ ಕೊಟ್ನಲ್ಲ, ನಂದೇ ತಪ್ಪು’ ಎಂದುಬಿಟ್ಟೆ. ಬಲಗಣ್ಣಿಗೆ ಪೊರೆ ಬರುತ್ತಿದೆ ಎಂದು ಶಿವಣ್ಣ ಹಿಂದಿನ ವಾರವಷ್ಟೇ ಹೇಳಿಕೊಂಡಿದ್ದ. ಹೆಂಡತಿಗೂ ಹೇಳದೆ ನನಗೊಬ್ಬನಿಗೇ ಹೇಳಿದ್ದ ಮಾತನ್ನು ನಾನು ಬೀದಿಯಲ್ಲಿ ನಿಂತು ಕೂಗಿದ್ದೆ. ಅವನು ಬೀರು ಇಳಿಸಿದ, ಗಾಜು ಗುಡಿಸಿದ, ಗಾಡಿಯನ್ನು ತುಮಕೂರಿಗೆ ತಂದು ನನ್ನ ಮನೆ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದ. ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು ‘ಬತ್ತೀನಿ’ ಎಂದು ಕುಣಿಗಲ್ ಬಸ್ಸು ಹತ್ತಿಕೊಂಡು ಹೋದ. ಗಾಡಿ ಏಳು ವರ್ಷ ಅಲ್ಲೇ ಟಾರ್ಪಾಲಿನ ಕೆಳಗೆ ನಿಂತಿತ್ತು. ಓನರಿಗೆ ಓಡಿಸಲು ಬರುತ್ತಿರಲಿಲ್ಲವಲ್ಲ.

ಏಳು ವರ್ಷದಲ್ಲಿ ಒಂದು ಫೋನು ಮಾಡಬಹುದಿತ್ತು ಎಂದು ನೀವು ಹೇಳುತ್ತೀರಿ. ನಿಜ. ಮೊದಲ ವಾರ ಅವನೇ ಮಾಡಲಿ ಎಂದುಕೊಂಡೆ. ಮೊದಲ ವರ್ಷ, ಈಗ ಮಾಡಿದರೆ ಏನೆಂದುಕೊಂಡಾನು ಎಂದುಕೊಂಡೆ. ಆಮೇಲೆ ಏನೂ ಅಂದುಕೊಳ್ಳದೆ ಬೆಳಿಗ್ಗೆ ಎದ್ದು ಒಂದು ಲೋಟ ಕಾಫಿ ಮಾಡಿಕೊಂಡು, ರೇಡಿಯೋಗೆ ಉತ್ತರ ಕೊಡುತ್ತ ದಿನ ಕಳೆಯುವುದು ಅಭ್ಯಾಸವಾಯಿತು. ರೇಡಿಯೋ ‘ನಮಸ್ಕಾರ ಕೇಳುಗರೇ’ ಎಂದರೆ ನಾನು ‘ನಮಸ್ಕಾರ’ ಎನ್ನುತ್ತೇನೆ. ಒಬ್ಬನೇ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರು ನಗುವುದಿಲ್ಲ.

ಆರು ತಿಂಗಳ ಹಿಂದೆ ಗುಜರಿಯವನೊಬ್ಬ ಬಂದು ಗಾಡಿ ಕೊಡುತ್ತೀರಾ ಎಂದು ಕೇಳಿದ. ಕೊಟ್ಟೇಬಿಡೋಣ ಎಂದು ಟಾರ್ಪಾಲು ಎತ್ತಿ ಬಾಗಿಲು ತೆಗೆದೆ. ಡ್ರೈವರ್ ಸೀಟಿನ ಬೆನ್ನಿಗೆ ಶಿವಣ್ಣನ ಕೆಂಪು ಟವೆಲ್ಲು ಹಾಗೇ ನೇತಾಡುತ್ತಿತ್ತು, ಅರ್ಧ ಭಾಗ ಇಲಿ ತಿಂದಿತ್ತು. ‘ಇಲ್ಲಪ್ಪ, ಇದನ್ನ ರೆಡಿ ಮಾಡಿಸ್ಬೇಕು’ ಎಂದೆ. ಅವನು ಗಾಡಿಯನ್ನೂ ನನ್ನನ್ನೂ ಒಂದು ಸಲ ನೋಡಿ ಹೋದ.

ರೆಡಿ ಮಾಡಿದವರು ನಜೀರ್ ಸಾಬರು. ಗ್ಯಾರೇಜಿನಲ್ಲಿ ನಲವತ್ತು ವರ್ಷ ಸುತ್ತಿಗೆ ಸದ್ದು ಕೇಳಿ ಕೇಳಿ ಕಿವಿ ಸ್ವಲ್ಪ ಮಂದ, ಕೈ ಮಾತ್ರ ಚುರುಕು. ಎಂಜಿನ್ ಇಳಿಸಿ, ಪೂರ್ತಿ ಬಿಚ್ಚಿ, ಪಿಸ್ಟನ್ನು, ರಿಂಗು, ಬೇರಿಂಗು ಎಲ್ಲ ಹೊಸದು ಹಾಕಿದರು. ತುಕ್ಕು ಹಿಡಿದಿದ್ದ ಡೀಸೆಲ್ ಟ್ಯಾಂಕನ್ನು ತೊಳೆಸಿ, ಮುಚ್ಚಳದ ಸಮೇತ ಪೇಂಟ್ ಹೊಡೆಸಿದರು. ಎರಡು ತಿಂಗಳು ನಾನು ದಿನವೂ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಬಿಚ್ಚಿದ ಬೋಲ್ಟುಗಳನ್ನು ಅಳತೆಯ ಪ್ರಕಾರ ಡಬ್ಬಿಗಳಿಗೆ ಹಾಕಿ ಚೀಟಿ ಅಂಟಿಸಿದೆ. ಹಳೇ ಸ್ಟೋರ್ ಕೀಪರ್ ಬುದ್ಧಿ. ‘ಸಾರ್, ನೆಲದ ಮೇಲಿದ್ರೆ ನಂಗೆ ಸಿಗೋದು. ನೀವ್ ಜೋಡಿಸಿಟ್ರೆ ಒಂದೂ ಸಿಗಲ್ಲ’ ಎಂದರು ಸಾಬರು. ಆದರೂ ಬೈಯಲಿಲ್ಲ. ನಾನು ಯಾಕೆ ಬಂದು ಕೂರುತ್ತೇನೆಂದು ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ಆ ಎರಡು ತಿಂಗಳಲ್ಲಿ ನಾನು ಡ್ರೈವಿಂಗ್ ಕಲಿತೆ. ಅರವತ್ತೊಂದನೇ ವಯಸ್ಸಿನಲ್ಲಿ, ಕಾಲೇಜು ಮಕ್ಕಳ ಜೊತೆಗೆ. ಕಲಿಸುವವನು ನನ್ನನ್ನು ‘ತಾತ’ ಎನ್ನಬೇಕೋ ‘ಸಾರ್’ ಎನ್ನಬೇಕೋ ತಿಳಿಯದೆ ‘ಕ್ಲಚ್’ ಎಂದಷ್ಟೇ ಕೂಗುತ್ತಿದ್ದ. ಮೊದಲ ಟೆಸ್ಟಿನಲ್ಲಿ ಫೇಲಾದೆ. ರಿವರ್ಸ್ ತೆಗೆಯುವುದರಲ್ಲಿ ಎಂದು ಬೇರೆ ಹೇಳಬೇಕಿಲ್ಲ. ಹಿಂದೆ ನಿಂತು ಹೇಳುವವರು ಯಾರೂ ಇರಲಿಲ್ಲ.

ಗಾಡಿ ಕೊಡುವ ದಿನ ಸಾಬರೇ ‘ನಿಂಬೆಹಣ್ಣು ತಂದಿದೀರಾ ಸಾರ್?’ ಎಂದು ನೆನಪಿಸಿ ಚಕ್ರದ ಕೆಳಗೆ ಇಡಿಸಿದರು. ಅಂದಿನಿಂದ ಪ್ರತಿ ಶುಕ್ರವಾರ ಗಾಡಿಗೆ ಪೂಜೆ ಶುರುವಾಯಿತು. ಇದು ನಮ್ಮಮ್ಮನ ಬಳುವಳಿ. ಗುಬ್ಬಿಯಲ್ಲಿ ನಮ್ಮಪ್ಪನದು ಟೈಲರ್ ಅಂಗಡಿ. ಆಯುಧಪೂಜೆಯ ದಿನ ಅಮ್ಮ ಗಂಧದ ಬಟ್ಟಲು ಹಿಡಿದು ಬಂದಳೆಂದರೆ ಕತ್ತರಿ, ಇಸ್ತ್ರಿಪೆಟ್ಟಿಗೆ, ಗಜಕಡ್ಡಿ, ಕೊನೆಗೆ ಅಂಗಡಿಯ ಸ್ಟೂಲಿಗೂ ಗಂಧ ಕುಂಕುಮ ಬೀಳುತ್ತಿತ್ತು. ಹೊಲಿಗೆ ಮೆಷಿನ್ನಿಗಂತೂ ಎಣ್ಣೆ ಬಿಡುವ ತೂತುಗಳನ್ನು ಹುಡುಕಿ ಹುಡುಕಿ ಅವುಗಳ ಮೇಲೇ ಇಡುತ್ತಿದ್ದಳು, ಬೊಟ್ಟಿಡಲು ಅದೇ ಸರಿಯಾದ ಜಾಗ ಎನ್ನುವ ಹಾಗೆ. ಮಾರನೆಯ ಬೆಳಿಗ್ಗೆ ಅಪ್ಪ ದೊಡ್ಡ ಸೂಜಿ ಹಿಡಿದು ಒಂದೊಂದೇ ತೂತಿನಿಂದ ಒಣಗಿದ ಗಂಧ ಕೆದಕುತ್ತ, ‘ಇವ್ಳ ಭಕ್ತಿಗೆ ಮೆಷಿನ್ನೇ ಮೋಕ್ಷ ಕಾಣ್ತದೆ’ ಎಂದು ಗೊಣಗುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನಗುತ್ತಿದ್ದೆ.

ಈ ಕಥೆಯನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯ ನಾನು, ನೆನಪಿಟ್ಟುಕೊಳ್ಳಿ.

ಲೈಸೆನ್ಸ್ ಬಂದ ಮೇಲೆ ಗುಬ್ಬಿಗೆ ಹೊರಟೆ. ಹೆಗ್ಗೆರೆ ದಾಟುವವರೆಗೂ ಗಾಡಿ ಚೆನ್ನಾಗಿ ಓಡಿತು. ಆಮೇಲೆ ಎಳೆಯಲಾರದೆ ಏದುಸಿರು ಬಿಡುತ್ತ, ಒದರುತ್ತ, ನಿಂತೇಹೋಯಿತು. ಸಾಬರು ಸ್ಕೂಟರಿನಲ್ಲಿ ಬಂದರು. ಡೀಸೆಲ್ ತೋರಿಸುವ ಮುಳ್ಳು ಕೆಟ್ಟಿದ್ದರಿಂದ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದರು. ಡೀಸೆಲ್ ಇತ್ತು. ಪೈಪಿನಲ್ಲಿ ಗಾಳಿ ಸೇರಿರಬೇಕೆಂದು ಬೋಲ್ಟು ಸಡಿಲಿಸಿ, ಪಂಪು ಒತ್ತಿ ಗಾಳಿ ತೆಗೆದರು. ಗಾಡಿ ಸ್ಟಾರ್ಟ್ ಆಯಿತು. ಮೂರು ದಿನ ಬಿಟ್ಟು ಮತ್ತೆ ನಿಂತಿತು. ಮತ್ತೆ ಕಡ್ಡಿ, ಮತ್ತೆ ಪಂಪು, ಮತ್ತೆ ಸ್ಟಾರ್ಟ್. ಹೀಗೇ ನಾಲ್ಕು ಸಲ ಆಯಿತು. ಗ್ಯಾರೇಜಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿದರೆ ಏನೂ ತೊಂದರೆಯಿಲ್ಲ, ರಸ್ತೆಯಲ್ಲಿ ಅರ್ಧ ಗಂಟೆಯಾದರೆ ನಿಲ್ಲುತ್ತದೆ.

‘ಸಾರ್, ನನ್ ಎಂಜಿನ್ನಲ್ಲಿ ಏನೂ ಇಲ್ಲ,’ ಎಂದರು ಸಾಬರು, ಸ್ವಲ್ಪ ನೊಂದುಕೊಂಡೇ. ‘ಈ ಗಾಡಿ ಮೊದ್ಲು ಓಡಿಸ್ತಿದ್ದೋರು ಯಾರು? ಅವ್ರನ್ನ ಒಂದ್ ಮಾತು ಕೇಳಿ. ಗಾಡಿ ಗುಣ ಓಡ್ಸಿದೋರಿಗೇ ಗೊತ್ತಿರೋದು.’

ಸಾಬರು ಹೋದರು. ನಾನು ರಸ್ತೆ ಪಕ್ಕ ಹೊಂಗೆಮರದ ಕೆಳಗೆ ನಿಂತು ಫೋನು ತೆಗೆದೆ. ನಂಬರ್ ಮರೆತಿದ್ದರೆ ಚೆನ್ನಾಗಿತ್ತು. ಏಳು ವರ್ಷವಾದರೂ ಬೆರಳಿಗೆ ನೆನಪಿತ್ತು.

‘ಯಾರು?’

‘ನಾನು ಕಣೋ. ರಂಗ.’

ಆ ಕಡೆ ಎಲ್ಲೋ ಕೋಳಿ ಕೂಗಿತು. ‘ಗಾಡಿ ನಿಂತೋಗ್ತಾ ಐತೆ’ ಎಂದೆ.

‘ಎಲ್ಲಿ?’ ಎಂದ ಶಿವಣ್ಣ.

ಅಷ್ಟೇ. ಹೇಗಿದ್ದೀಯ ಎನ್ನಲಿಲ್ಲ, ಈಗ ಜ್ಞಾಪಕ ಬಂತಾ ಎನ್ನಲಿಲ್ಲ. ‘ಎಲ್ಲಿ’ ಎಂದ. ಹೆಗ್ಗೆರೆ ಹತ್ತಿರ ಎಂದು ಹೇಳಲು ಎರಡು ಸಲ ಕೆಮ್ಮಬೇಕಾಯಿತು.

ಆಮೇಲಿನ ಮೂರು ವಾರ ನನ್ನ ಪಾಲಿಗೆ ಹಬ್ಬ. ಗಾಡಿ ನಿಂತಾಗಲೆಲ್ಲ ಫೋನು ಮಾಡುತ್ತಿದ್ದೆ. ಫಿಲ್ಟರ್ ಬದಲಾಯಿಸು ಎಂದ, ಬದಲಾಯಿಸಿದೆ. ಪೈಪಿನ ವಾಷರ್ ನೋಡು ಎಂದ, ನೋಡಿಸಿದೆ. ಮಾತೆಲ್ಲ ಗಾಡಿಯದೇ. ನಡುನಡುವೆ ಅವನ ಮನೆ ಅಷ್ಟಿಷ್ಟು ಕೇಳಿಸುತ್ತಿತ್ತು. ಹೆಂಡತಿ ಏನೋ ಕೇಳುವಳು, ಎಮ್ಮೆ ಕೂಗುವುದು. ಒಂದು ಸಲ ಅವನೇ, ‘ಕಣ್ ಆಪರೇಷನ್ ಆಯ್ತು, ಈಗ ಚೆಂದಾಗ್ ಕಾಣ್ತದೆ’ ಎಂದ. ಆಗಲೇ ಹೇಳಬೇಕಿತ್ತು ನಾನು. ತಪ್ಪಾಯಿತು ಕಣೋ ಎನ್ನಬೇಕಿತ್ತು. ‘ವಾಷರ್ ತಾಮ್ರದ್ದೇ ಹಾಕಿಸ್ಲಾ?’ ಎಂದು ಕೇಳಿದೆ. ‘ತಾಮ್ರದ್ದೇ ಹಾಕ್ಸು’ ಎಂದ.

ಹೀಗೆ ಐದನೆಯ ಸಲ ಫೋನು ಮಾಡಿದಾಗ ಅವನು, ‘ಟ್ಯಾಂಕ್ ಮುಚ್ಚಳ ತಿರುವು. ಹಂಗೇ ಕಿವಿ ಇಟ್ಟು ಕೇಳು’ ಎಂದ.

ತಿರುಗಿಸಿದೆ. ಉಸ್ಸ್ ಎಂದು ಗಾಳಿ ಒಳಗೆ ಎಳೆದುಕೊಂಡಿತು.

‘ಉಸ್ ಅಂತು.’

‘ಗಾಡಿಗೆ ಪೂಜೆ ಮಾಡಿದ್ಯೇನ್ಲಾ?’

‘ಪ್ರತಿ ಶುಕ್ರವಾರ.’

‘ಗಂಧ ಎಲ್ಲೆಲ್ಲಿ ಇಟ್ಟೆ?’

‘ಎಲ್ಲಾ ಕಡೆ.’ ಮುಚ್ಚಳವನ್ನು ನೋಡಿದೆ. ಅದರ ನಡುವೆ, ಗಾಳಿಯಾಡಲೆಂದು ಸೂಜಿಮೊನೆಯಷ್ಟು ತೂತಿರುತ್ತದೆ. ಅರ್ಧ ತೂತನ್ನು ಹೊಸ ಪೇಂಟು ಮುಚ್ಚಿತ್ತು, ಉಳಿದರ್ಧವನ್ನು ನನ್ನ ಆರೇಳು ಶುಕ್ರವಾರಗಳ ಗಂಧ ಕುಂಕುಮ ಮುಚ್ಚಿತ್ತು. ಗಾಳಿ ಹೋಗದ ಟ್ಯಾಂಕಿನಿಂದ ಡೀಸೆಲ್ ಎಂಜಿನ್ನಿಗೆ ಏರುವುದಾದರೂ ಹೇಗೆ? ಸಾಬರು ಬಂದಾಗಲೆಲ್ಲ ಮುಚ್ಚಳ ತೆಗೆದು ಕಡ್ಡಿ ಅದ್ದುತ್ತಿದ್ದರಲ್ಲ, ಆಗಲೇ ಗಾಳಿ ಒಳಗೆ ನುಗ್ಗಿ ಕಾಯಿಲೆ ವಾಸಿಯಾಗಿಬಿಡುತ್ತಿತ್ತು. ಆ ಉಸ್ ಅವರ ಕಿವಿಗೆ ಬಿದ್ದಿರಲಿಲ್ಲ.

ಶಿವಣ್ಣ ನಕ್ಕ. ಹೊಟ್ಟೆಯಿಂದ ಬರುವ ಅವನ ನಗು, ಮಧ್ಯೆ ಕೆಮ್ಮು, ಮತ್ತೆ ನಗು. ‘ನಿಮ್ಮಮ್ಮನ ಮಗ ಕಣ್ಲಾ ನೀನು,’ ಎಂದ. ‘ನಿಮ್ಮಪ್ಪನ ಸೂಜಿ ಐತೋ ಇಲ್ವೋ?’ ಹೊಲಿಗೆ ಮೆಷಿನ್ನಿನ ಕಥೆ ಅವನಿಗೆ ನೆನಪಿತ್ತು. ನನ್ನ ಅಮ್ಮನನ್ನು ನೆನಪಿಟ್ಟುಕೊಂಡಿರುವವನು ಈ ಭೂಮಿಯ ಮೇಲೆ ನಾನಲ್ಲದೆ ಇನ್ನೊಬ್ಬ ಇದ್ದಾನೆ ಎನ್ನುವುದು ಆವತ್ತು ತಿಳಿಯಿತು. ಆಮೇಲೆ ಅವನು, ‘ಸರಿ ಬುಡು, ಇನ್ನೇನೂ ತೊಂದ್ರೆ ಇಲ್ಲ. ಓಡ್ಸು’ ಎಂದು ಫೋನಿಟ್ಟ.

ನಿಜಕ್ಕೂ ಇನ್ನೇನೂ ತೊಂದರೆ ಇರಲಿಲ್ಲ. ತೂತನ್ನು ಸೂಜಿಯಿಂದ ಕೆದಕಿದ ಮೇಲೆ ಗಾಡಿ ಒಂದು ಸಲವೂ ನಿಲ್ಲಲಿಲ್ಲ. ಗುಬ್ಬಿಗೆ ಹೋದೆ, ಚೇಳೂರಿಗೆ ಹೋದೆ, ಒಂದು ಹಲಸಿನಹಣ್ಣು ತಂದೆ. ಅಷ್ಟು ದೊಡ್ಡ ಹಣ್ಣನ್ನು ಒಬ್ಬನೇ ಏನು ಮಾಡುವುದೆಂದು ಬೀದಿಗೆಲ್ಲ ಹಂಚಿದೆ. ದಾರಿಯಲ್ಲಿ ಮಾತಾಡಬೇಕೆಂದು ಎಡಕ್ಕೆ ತಿರುಗಿದರೆ ಸೀಟು ಖಾಲಿ. ಸಂಜೆ ಫೋನು ಕೈಗೆತ್ತಿಕೊಳ್ಳುತ್ತಿದ್ದೆ. ಏನೆಂದು ಮಾಡಲಿ? ಗಾಡಿ ಚೆನ್ನಾಗಿದೆ ಎಂದು ಹೇಳಲು ಯಾರಾದರೂ ಫೋನು ಮಾಡುತ್ತಾರೆಯೇ? ಏಳು ವರ್ಷ ಸುಮ್ಮನಿದ್ದವನಿಗೆ ಗಾಡಿ ಸರಿಯಾದ ಮೇಲಿನ ಒಂದು ತಿಂಗಳು ತಡೆಯಲು ಆಗಲಿಲ್ಲ. ಇದನ್ನು ಬರೆಯಲು ನಾಚಿಕೆಯೇನೂ ಇಲ್ಲ.

ಹೋದ ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಗಂಧ ತೇಯ್ದೆ. ಸ್ವಲ್ಪ ಗಟ್ಟಿಯಾಗಿಯೇ ತೇಯ್ದೆ. ಬಾನೆಟ್ಟಿಗೆ ಒಂದು ಬೊಟ್ಟು, ಸ್ಟೀರಿಂಗಿಗೆ ಒಂದು ಬೊಟ್ಟು. ಆಮೇಲೆ ಟ್ಯಾಂಕಿನ ಹತ್ತಿರ ಹೋಗಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆ ಕಡೆ ಈ ಕಡೆ ನೋಡಿ, ಮುಚ್ಚಳದ ತೂತಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೆತ್ತಿದೆ. ಬಿಸಿಲಿಗೆ ಒಣಗಲು ಬಿಟ್ಟು ತಿಂಡಿ ತಿಂದೆ. ಹನ್ನೊಂದು ಗಂಟೆಗೆ ಗಾಡಿ ಹತ್ತಿ ಕುಣಿಗಲ್ ರಸ್ತೆ ಹಿಡಿದೆ.

ಹೆಬ್ಬೂರು ದಾಟಿದ ಮೇಲೆ ಗಾಡಿ ಏದುಸಿರು ಬಿಟ್ಟು ನಿಂತಿತು. ಅಷ್ಟು ಖುಷಿಯಿಂದ ಗಾಡಿ ಕೆಡಿಸಿಕೊಂಡವರು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಾರರು. ಫೋನು ಮಾಡಿದೆ.

‘ಗಾಡಿ ನಿಂತೋಯ್ತು ಕಣೋ.’

‘ಎಲ್ಲಿ?’

‘ಕುಣಿಗಲ್ ರೋಡು. ಹೆಬ್ಬೂರು ದಾಟಿ.’

‘ಇವತ್ತು ಶುಕ್ರವಾರ ಅಲ್ವಾ?’ ಎಂದ.

‘ಹೂಂ.’

ಬೈಯುತ್ತಾನೆ ಎಂದುಕೊಂಡೆ, ಇಲ್ಲವೇ ನಗುತ್ತಾನೆ. ಅವನು ಎರಡನ್ನೂ ಮಾಡದೆ, ‘ಬಾನೆಟ್ ಎತ್ತು. ಮೊದ್ಲು ಫಿಲ್ಟರ್ ನೋಡು’ ಎಂದ. ನಾನು ಬಾನೆಟ್ ಮುಟ್ಟದೆ ಅದಕ್ಕೆ ಒರಗಿ ನಿಂತು, ‘ನೋಡ್ತಾ ಇದೀನಿ’ ಎಂದೆ. ವಾಷರ್ ನೋಡು ಎಂದ. ನೋಡಿದೆ ಎಂದೆ. ಮೊದಲ ದಿನದಿಂದ ಹೇಳಿದ್ದನ್ನೆಲ್ಲ ಅದೇ ಕ್ರಮದಲ್ಲಿ, ಒಂದನ್ನೂ ಬಿಡದೆ ಕೇಳುತ್ತ ಹೋದ. ನಡುವೆ ಎಮ್ಮೆ ಕರು ಹಾಕಿದ್ದನ್ನು ಹೇಳಿದ, ಹೆಂಡತಿಯ ಮಂಡಿನೋವು ಹೇಳಿದ. ನಾನು ಟೆಸ್ಟಿನಲ್ಲಿ ಫೇಲಾದದ್ದನ್ನು ಹೇಳಿದೆ. ಮುಚ್ಚಳದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕೊನೆಗೆ ಕೇಳಲು ಏನೂ ಉಳಿಯಲಿಲ್ಲ. ಫೋನು ಇಡುತ್ತಾನೇನೋ ಎನ್ನುವ ಭಯಕ್ಕೆ ಬಾಯಿಂದ ಬಂದುಬಿಟ್ಟಿತು.

‘ಶಿವಣ್ಣ, ಅವತ್ತು ಗುಬ್ಬೀಲಿ ನಾನು ಬಜ್ಜಿ ನೋಡ್ತಿದ್ದೆ ಕಣೋ. ಹಿಂದ್ಗಡೆ ನೋಡ್ತಿರ್ಲಿಲ್ಲ. ತಪ್ಪು ನಂದೇ.’

‘ಗೊತ್ತು. ಸೈಡ್ ಕನ್ನಡೀಲಿ ಕಾಣ್ತಿತ್ತು, ನೀನು ಬಜ್ಜಿ ಕಡೆ ಬಾಯಿ ಬಿಟ್ಕೊಂಡು ನಿಂತಿದ್ದು.’

‘ಮತ್ಯಾಕೆ ಬ್ರೇಕ್ ಹಾಕ್ಲಿಲ್ಲ?’

‘ನೀನು ಬರ್ಲಿ ಅಂತಿದ್ದಲ್ಲ,’ ಎಂದ ಶಿವಣ್ಣ.

ರಸ್ತೆಯಲ್ಲಿ ಒಂದು ಲಾರಿ ಹೋಯಿತು.

‘ಅಲ್ಲೇ ಇರು,’ ಎಂದ ಆಮೇಲೆ. ‘ಬಸ್ಸತ್ತಿ ಬತ್ತೀನಿ. ನಾನು ಬರೋಗಂಟ ಆ ಮುಚ್ಚಳ ಮಾತ್ರ ಮುಟ್ಟಬ್ಯಾಡ.’

ಫೋನನ್ನು ಜೇಬಿಗೆ ಹಾಕಿಕೊಂಡೆ. ಕೊತ್ತಗೆರೆಯಿಂದ ಕುಣಿಗಲ್ಲಿಗೆ, ಕುಣಿಗಲ್ಲಿನಿಂದ ಇಲ್ಲಿಗೆ, ಎರಡು ಬಸ್ಸು ಹತ್ತಿ ಬರಬೇಕು ಅವನು. ಬಿಸಿಲು ಏರುತ್ತಿತ್ತು. ಇಲಿ ತಿಂದ ಕೆಂಪು ಟವೆಲ್ಲನ್ನು ಕೊಡವಿ ಡ್ರೈವರ್ ಸೀಟಿನ ಬೆನ್ನಿಗೆ ಸರಿಯಾಗಿ ಹಾಕಿದೆ. ಆಮೇಲೆ ಗಾಡಿಯನ್ನು ಸುತ್ತಿ ಬಂದು, ಎಡಗಡೆ ಬಾಗಿಲು ತೆಗೆದು, ನನ್ನ ಜಾಗದಲ್ಲಿ ಕೂತೆ.